ತೊಳೆಯದ ಚಿಪ್ಪು

ಸಿಂಚನಾ, ಭುವನ್,

ಹೋದ ರಜೆಯಲ್ಲಿ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. “ಅಜ್ಜಿ, ನೀನು ಸುಟ್ಟ ಇದ್ದಿಲು ನಕ್ಷತ್ರಕ್ಕೆ ಹೋಯ್ತಂತೆ, ನಿಜಾನಾ?” ಎಂದು ಭುವನ್ ಕೇಳಿದ. ನಾನು ನಕ್ಕು ರೊಟ್ಟಿ ತಟ್ಟಲು ಒಳಗೆ ಹೋದೆ. ಎದುರಿಗೆ ಕೂತು ಮಾತಾಡುವುದು ನನಗೆ ಯಾವತ್ತೂ ಬರಲಿಲ್ಲ. ಬರೆಯುವುದು ಬರುತ್ತದೆ. ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯ ಮೇಷ್ಟ್ರು ತಿದ್ದಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಹೇಳುತ್ತೇನೆ.

ಇದ್ದಿಲು ನಕ್ಷತ್ರಕ್ಕೆ ಹೋಗಲಿಲ್ಲ. ಪರದೇಶದ ಒಂದು ಹಳೆಯ ಗಣಿಯ ತಳಕ್ಕೆ ಹೋಯಿತು. ನಕ್ಷತ್ರದ ಕೆಲಸವನ್ನು ಅಲ್ಲಿ, ನೆಲದ ಕೆಳಗೆ ಕೂತು ಮಾಡುತ್ತಾರೆ. ಅದು ಹೇಗೆ ಹೋಯಿತು, ಹೋಗುವ ಮುಂಚೆ ನಾನು ಯಾರ ಯಾರ ಮಾತು ಮೀರಿದೆ, ಅದನ್ನು ನಿಮಗೆ ನಾನೇ ಹೇಳಬೇಕು. ಬೇರೆಯವರು ಹೇಳಿದರೆ ಅದರಲ್ಲಿ ನಾವಿರುವುದಿಲ್ಲ.

ನಮ್ಮ ಶೆಡ್ಡು ನಿಮಗೆ ಗೊತ್ತು. ನೊಣವಿನಕೆರೆ ರಸ್ತೆಗೆ ನಿಮ್ಮ ತಾತನ ತೋಟ ಮುಟ್ಟುವ ಮೂಲೆಯಲ್ಲಿ ತಗಡಿನ ಮಾಡು, ಪಕ್ಕದಲ್ಲಿ ತಾತ ಕೊರೆಸಿದ ಬೋರು. ಎಂಟು ಜನ ಹೆಂಗಸರು ಅಲ್ಲಿ ಕಬ್ಬಿಣದ ಡ್ರಮ್ಮಿನಲ್ಲಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತೇವೆ. ತುಮಕೂರಿನ ಆಚೆಯ ಒಂದು ಕಾರ್ಖಾನೆ ಅದನ್ನು ಕೊಳ್ಳುತ್ತದೆ. ಅಲ್ಲಿ ಬಿಸಿ ಹಬೆಯಲ್ಲಿ ಹದ ಮಾಡಿದರೆ ಇದ್ದಿಲಿನ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬೀಳುತ್ತವೆ. ಆ ತೂತುಗಳು ನೀರಿನ ಕೊಳೆ, ಗಾಳಿಯ ಕೊಳೆ ಹಿಡಿದುಕೊಳ್ಳುತ್ತವೆ. ನೀರು ಶುದ್ಧ ಮಾಡುವ ಯಂತ್ರದೊಳಗೆ ಇರುವುದು ಅದೇ.

ಇದೆಲ್ಲ ಶುರುವಾದ ವರ್ಷದ ಮಾಘಮಾಸದಲ್ಲಿ ಕಾರ್ಖಾನೆಯ ಮ್ಯಾನೇಜರ್, ಮೇಡಂ ಒಬ್ಬರನ್ನು ಕರೆದುಕೊಂಡು ಬಂದರು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿ. ಕುರ್ಚಿ ತಂದುಕೊಟ್ಟರೂ ಕೂರದೆ ಬೋರಲು ಹಾಕಿದ್ದ ಒಂದು ಬಿದಿರಿನ ಮಂಕರಿಯ ಮೇಲೆ ಕೂತರು. ಇದ್ದಿಲು ಯಾಕೆ ಬೇಕು ಎಂದು ಅವರೇ ಬಿಡಿಸಿ ಹೇಳಿದರು.

“ನಕ್ಷತ್ರದ ಹೊಟ್ಟೇಲಿ ಏನು ನಡೆಯುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋರು ಒಂದು ದೇಶದಲ್ಲಿದ್ದಾರಮ್ಮ. ಹುಟ್ಟೋದು, ಉರಿಯೋದು, ಸಾಯೋದು, ಎಲ್ಲಾ ಲೆಕ್ಕದಲ್ಲೇ ಆಡಿಸಿ ನೋಡ್ತಾರೆ. ಆದರೆ ಒಂದು ಅಂಕಿ ಅವರಿಗೆ ಗಟ್ಟಿಯಾಗಿ ಸಿಕ್ಕಿಲ್ಲ. ಎರಡು ಪರಮಾಣುವಿನ ತಿರುಳು ಕೂಡಿ ಒಂದಾಗೋದು ಎಷ್ಟು ಅಪರೂಪ ಅನ್ನೋ ಅಂಕಿ. ಅದು ತಪ್ಪಿದರೆ ನಕ್ಷತ್ರದ ಆಯಸ್ಸೇ ತಪ್ಪುತ್ತೆ.”

“ನಮ್ಮೂರ ಜೋಯಿಸ್ರು ಹೇಳೋ ಆಯಸ್ಸೂ ಹಂಗೇ ತಪ್ತದೆ ಬುಡಿ ಮೇಡಂ” ಅಂದಳು ಜರಡಿಯವಳು. ಇದ್ದಿಲು ಜರಡಿ ಹಿಡಿಯುವುದು ಅವಳ ಕೆಲಸ. ತುರುವೇಕೆರೆ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಬಾಯಿಗೆ ಬಾಗಿಲಿಲ್ಲ. ಮೇಡಂ ಜೋರಾಗಿ ನಕ್ಕರು. ಮ್ಯಾನೇಜರ್ ನಗಲಿಲ್ಲ.

ಆ ಅಂಕಿಯನ್ನು ಅಳೆಯಲು ನಾಲ್ಕು ದೇಶದವರು ಸೇರಿ ಗಣಿಯೊಳಗೆ ಯಂತ್ರ ಕೂರಿಸಿದ್ದರು. ಆ ಯಂತ್ರದಲ್ಲಿ ಕೂಡುವಿಕೆ ನಡೆಯುವುದು ದಿನಕ್ಕೆ ಒಂದೋ ಎರಡೋ ಸಲ. ನೆಲದ ಮೇಲಾದರೆ ಆಕಾಶದಿಂದ ಬೀಳುವ ಕಣಗಳ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಅದಕ್ಕೇ ಬೆಟ್ಟದಷ್ಟು ಕಲ್ಲನ್ನು ತಲೆಯ ಮೇಲೆ ಹೊದ್ದುಕೊಂಡು ಕೂತಿದ್ದಾರೆ. ಆದರೆ ಕಲ್ಲಿನಿಂದಲೇ ರೇಡಾನ್ ಎಂಬ ಅನಿಲ ಒಸರುತ್ತದೆ. ಅದೂ ಗದ್ದಲ ಮಾಡುತ್ತದೆ. ಒಳಗಿನ ಗಾಳಿಯನ್ನು ತಣ್ಣಗಿರುವ ಇದ್ದಿಲಿನ ಮೂಲಕ ಹಾಯಿಸಿದರೆ ರೇಡಾನ್ ಅಲ್ಲೇ ಅಂಟಿಕೊಳ್ಳುತ್ತದೆ. ತೊಡಕು ಏನೆಂದರೆ, ಇದ್ದಿಲಿನಲ್ಲೇ ರೇಡಿಯಂ ಎಂಬುದರ ಸೋಂಕಿದ್ದರೆ ಇದ್ದಿಲೇ ರೇಡಾನ್ ಹೆರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅವರಿಗೆ ಬೇಕಾದದ್ದು ಮೇಯದ ಬೇಲಿ.

ಮೇಡಂ ಒಂದು ಕ್ರಮಪತ್ರ ಕೊಟ್ಟು ಹೋದರು. ಪರದೇಶದಲ್ಲಿ ಬರೆದು ಕನ್ನಡಕ್ಕೆ ತಂದದ್ದು, ಹನ್ನೊಂದು ಸಾಲು. ಪ್ರತಿ ಸಾಲಿನ ಮುಂದೆ ಕೆಲಸ ಮುಗಿಸಿ ಸಹಿ ಹಾಕುವ ಜಾಗ. ನಾಲ್ಕನೆಯ ಸಾಲು: ಚಿಪ್ಪನ್ನು ಶುದ್ಧ ನೀರಿನಲ್ಲಿ ಮೂರು ಸಲ ತೊಳೆಯುವುದು. ತಡೆಯಿಲ್ಲದೆ ಓದಲು ಬರುತ್ತಿದ್ದವಳು ನಾನಾದ್ದರಿಂದ ಆ ಪತ್ರ ನನ್ನ ಕೈಗೆ ಬಂತು.

ನಾವು ಬಹಳ ಶ್ರದ್ಧೆಯಿಂದ ಮಾಡಿದೆವು. ಬೋರಿನ ನೀರು ಹಿಡಿದು ಚಿಪ್ಪನ್ನು ಮೂರು ಸಲ ತೊಳೆದು ಒಣಗಿಸಿದೆವು. ಡ್ರಮ್ಮಿನ ಹೊಗೆ ಮೊದಲು ಬೆಳ್ಳಗೆ ದಟ್ಟವಾಗಿ ಏಳುತ್ತದೆ. ಆಮೇಲೆ ಹಳದಿಗೆ ತಿರುಗಿ ಸಣ್ಣಗಾಗುತ್ತದೆ. ಕೊನೆಗೆ ನೀಲಿ ಛಾಯೆ ಬಂದು ಇದೆಯೋ ಇಲ್ಲವೋ ಎನ್ನುವ ಹಾಗಾಗುತ್ತದೆ. ಆಗ ಕೆಂಡದ ಮೇಲೆ ನೀರು ಚಿಮುಕಿಸಿ ಆರಿಸಬೇಕು. ಅದನ್ನು ನಮ್ಮ ಗುಂಪಿಗೆ ಕಲಿಸಿದವಳು ನಾನೇ. ನಮ್ಮತ್ತೆ ಒಲೆಯ ಕೆಂಡಕ್ಕೆ ಒಂದು ಚೊಂಬು ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ಮಾಡಿಡುತ್ತಿದ್ದರು. ಅದನ್ನು ನೋಡಿ ಕಲಿತದ್ದು.

ಕಾರ್ಖಾನೆಯವರು ಅದನ್ನು ಹದ ಮಾಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಮುಚ್ಚಿ ಮೂರು ವಾರ ಇಡುತ್ತಾರೆ. ಒಳಗೆ ರೇಡಾನ್ ಹುಟ್ಟುವಷ್ಟು ಹುಟ್ಟಿ ಒಂದು ಮಟ್ಟಕ್ಕೆ ಬರಲಿ ಎಂದು. ಆಮೇಲೆ ಸೀಸದ ಇಟ್ಟಿಗೆಯ ಗೂಡಿನಲ್ಲಿ ಇಟ್ಟು ರೇಡಿಯಂ ಎಷ್ಟಿದೆ ಎಂದು ಎಣಿಸುತ್ತಾರೆ. ಮೊದಲ ಮಾದರಿ ಕೆಟ್ಟದ್ದೇನಲ್ಲ, ಆದರೆ ಬೇಕಾದಷ್ಟು ಶುದ್ಧವಿಲ್ಲ ಎಂದು ಬಂತು. ಇನ್ನೂ ಚೆನ್ನಾಗಿ ತೊಳೆಯಿರಿ ಎಂದು ಮ್ಯಾನೇಜರ್ ಹೇಳಿದರು.

ತೊಳೆದೆವು. ನಾರಿನ ಬ್ರಷ್ಷಿನಲ್ಲಿ ಉಜ್ಜಿ ನಾಲ್ಕು ಸಲ ತೊಳೆದೆವು. ಎರಡನೆಯ ಮಾದರಿ ಮೊದಲನೆಯದಕ್ಕಿಂತ ಕೆಟ್ಟದ್ದಾಗಿತ್ತು.

“ಕೈ ತೊಳ್ಕೊಂಡು ಮುಟ್ತೀರಾ, ಇಲ್ಲ ಸಗಣಿ ಬಾಚಿದ ಕೈಲೇ ಬಂದುಬಿಡ್ತೀರಾ?” ಎಂದರು ಮ್ಯಾನೇಜರ್.

ಕೈಗವಸು ಬಂದವು. ತಲೆಗೆ ಬಟ್ಟೆ ಕಟ್ಟಿಕೊಂಡೆವು. ಬಳೆ ತೆಗೆಯಬೇಕು ಎಂದರು. ಏಳು ಜನ ತೆಗೆದರು, ನನಗೆ ತೆಗೆಯಲು ಇರಲಿಲ್ಲ. ಮೂರನೆಯ ಮಾದರಿಗೆ ಆರು ಸಲ ತೊಳೆದೆವು. ಬೂದಿ ಉಳಿಯಬಾರದೆಂದು, ಕೆಂಡ ಆರಿಸುವಾಗಲೂ ಬಿಂದಿಗೆಗಟ್ಟಲೆ ನೀರು ಹೊಯ್ದೆವು. ಅದರ ಅಂಕಿ ಮೊದಲನೆಯದರ ಎರಡು ಪಟ್ಟಾಗಿತ್ತು.

ಆ ವಾರ ಕಂಪ್ಯೂಟರ್ ಪರದೆಯಲ್ಲಿ ಎಲ್ಲ ದೇಶದವರ ಸಭೆ ನಡೆಯಿತು. ಮ್ಯಾನೇಜರ್ ನನ್ನನ್ನೂ ಕಾರ್ಖಾನೆಗೆ ಕರೆಸಿ ಹಿಂದಿನ ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಮೇಲೆ ಚೌಕ ಚೌಕದಲ್ಲಿ ಮುಖಗಳು. ನಾನು ಸೆರಗು ಹೊದ್ದುಕೊಂಡು ನೆಲ ನೋಡುತ್ತಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ‘ಡರ್ಟಿ’ ಎಂಬ ಮಾತು ಬರುತ್ತದೆ, ‘ವಿಲೇಜ್ ಲೇಡೀಸ್’ ಎಂಬುದೂ ಬರುತ್ತದೆ. ಮ್ಯಾನೇಜರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಹೊರಗೆ ಬಂದ ಮೇಲೆ ಕನ್ನಡದಲ್ಲಿ ಹೇಳಿದರು. “ಬೇರೆ ರಾಜ್ಯದಲ್ಲಿ ಒಂದು ದೊಡ್ಡ ಫ್ಯಾಕ್ಟರಿ ಇದೆಯಮ್ಮ, ಎಲ್ಲಾ ಮಿಷಿನ್ನು. ನಿಮ್ಮದು ಇನ್ನೊಂದೇ ಮಾದರಿ ನೋಡ್ತಾರೆ. ಅದೂ ಫೇಲಾದರೆ ಆರ್ಡರ್ ಅವರಿಗೆ. ನಿಮ್ಮ ಶೆಡ್ಡಿನ ಮಾಲು ನಾವೂ ನಿಲ್ಲಿಸಬೇಕಾಗುತ್ತೆ. ಕೊಳಕು ಮಾಲು ಅಂತ ಹೆಸರು ಬಂದ ಮೇಲೆ ಯಾರು ತಗೋತಾರೆ?”

ಬಸ್ಸಿನಲ್ಲಿ ತಿಪಟೂರಿನವರೆಗೂ ಕೊಳಕು ಎಂಬ ಆ ಒಂದು ಪದ ಕಿವಿಯಲ್ಲಿತ್ತು. ಎಂಟು ಜನ ಚಿಪ್ಪನ್ನು ದೇವರ ಪಾತ್ರೆಯ ಹಾಗೆ ಉಜ್ಜಿದ್ದೆವು. ಕೊಳಕು ನಮ್ಮದಲ್ಲ ಎಂದು ನನಗೆ ಗೊತ್ತಿತ್ತು. ಯಾರದು ಎಂದು ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಚ್ಚಲ ತಾಮ್ರದ ಹಂಡೆ ತೊಳೆಯುತ್ತಿದ್ದೆ. ಹಂಡೆಯ ಒಳಗೆ ನೀರಿನ ಉಪ್ಪು ಬಿಳಿಯ ಹೆಕ್ಕಳಿಕೆಯಾಗಿ, ಪದರ ಪದರವಾಗಿ ಕಟ್ಟಿತ್ತು. ದಿನಾ ಕಾಯಿಸುವುದು ಬೋರಿನ ನೀರೇ; ತಿಂಗಳಿಗೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿದರೂ ಮತ್ತೆ ಕಟ್ಟುತ್ತದೆ. ಉಜ್ಜುವ ಕೈ ತಾನಾಗಿ ನಿಂತಿತು. ಸುಮ್ಮನೆ ಕಾಯಿಸಿದರೇ ತಾಮ್ರಕ್ಕೆ ಇಷ್ಟು ಅಂಟಿಸಿ ಹೋಗುವ ನೀರು, ಸಿಕ್ಕಿದ್ದೆಲ್ಲ ಹಿಡಿದುಕೊಳ್ಳುವ ಇದ್ದಿಲಿಗೆ ಎಷ್ಟು ಅಂಟಿಸಿರಬಹುದು? ಒಳಗೆ ಹೋಗಿ ನನ್ನ ನೋಟುಪುಸ್ತಕ ತೆಗೆದೆ. ಮೂರು ಸಲ ತೊಳೆದದ್ದು, ನಾಲ್ಕು ಸಲ, ಆರು ಸಲ. ತೊಳೆದಷ್ಟೂ ಅಂಕಿ ಏರಿತ್ತು. ನಮ್ಮ ಕೈ ನೋಡಿದರು, ಬಳೆ ನೋಡಿದರು, ಕೂದಲು ನೋಡಿದರು. ನೀರನ್ನು ಯಾರೂ ನೋಡಲಿಲ್ಲ. ಪತ್ರದಲ್ಲಿ ‘ಶುದ್ಧ ನೀರು’ ಎಂದಿತ್ತು. ನಮ್ಮ ಬೋರಿನ ನೀರಿಗಿಂತ ಶುದ್ಧವಾದದ್ದು ಈ ಸುತ್ತಿನಲ್ಲಿ ಇಲ್ಲ ಎಂದೇ ನಾವು ನಂಬಿದ್ದೆವು.

ಇನ್ನೊಂದು ಮಾತೂ ಹೊಳೆಯಿತು. ನಮ್ಮ ಕಡೆ ಕೊಬ್ಬರಿ ಮಾಡುವುದು ಬೇರೆ ಕಡೆಯ ಹಾಗಲ್ಲ. ಕಾಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ಅಷ್ಟು ದಿನವೂ ಚಿಪ್ಪು ಸಿಪ್ಪೆಯೊಳಗೆ ಇರುತ್ತದೆ. ಮಣ್ಣು ಕಾಣುವುದಿಲ್ಲ, ಧೂಳು ಕಾಣುವುದಿಲ್ಲ, ಯಾರ ಕೈಯೂ ತಾಗುವುದಿಲ್ಲ. ಆ ಚಿಪ್ಪನ್ನು ತೊಳೆಯುವುದು ಏನನ್ನು ತೆಗೆಯಲು? ಪರದೇಶದಲ್ಲಿ ಪತ್ರ ಬರೆದವರಿಗೆ ಅಟ್ಟದ ಕಾಯಿ ಗೊತ್ತಿಲ್ಲ. ಗೊತ್ತಿದ್ದ ನಾವು ಬಾಯಿ ಬಿಡಲಿಲ್ಲ.

ಜರಡಿಯವಳಿಗೆ ಹೇಳಿದೆ. ಅವಳು ಜರಡಿ ಕೆಳಗಿಟ್ಟಳು.

“ಅಕ್ಕ, ನಿನ್ ಯಜಮಾನ್ರು ಕೊರ್ಸಿದ ಬೋರಿಗೆ ನೀನೇ ಹೆಸರಿಡ್ತೀಯಾ? ದಾರೀಲಿ ಹೋಗೋರೆಲ್ಲ ನಿಂತು ಕುಡ್ದು ಹೋಗೋ ನೀರು ಅದು.”

ಅದು ನನಗೂ ಚುಚ್ಚಿತು. ನಿಮ್ಮ ತಾತ ಎರಡು ಕಡೆ ಕೊರೆಸಿ ಬರೀ ಧೂಳು ನೋಡಿ, ಮೂರನೆಯ ಕಡೆ ನೀರು ಕಂಡವರು. ರಸ್ತೆಗೆ ಒಂದು ನಲ್ಲಿ ಬಿಟ್ಟು, ಇದನ್ನು ಯಾವತ್ತೂ ಕಟ್ಟಬಾರದು ಎಂದಿದ್ದರು. ಆದರೆ ಅವರೇ ಇದ್ದಿದ್ದರೆ, ತಿಳಿದೂ ಮುಚ್ಚಿಟ್ಟೆ ಎಂದರೆ ಮೆಚ್ಚುತ್ತಿರಲಿಲ್ಲ.

“ನೀರು ಕೆಟ್ಟದ್ದು ಅನ್ನಲ್ಲ ಕಣೇ” ಅಂದೆ. “ಇದ್ದಿಲಿಗೆ ಆಗಲ್ಲ ಅಂತೀನಿ. ತಪ್ಪು ನೀರಿನದಲ್ಲ. ಆರಿಸೋಕೆ ನೀರು ಹಾಕಿ ಅಂತ ನಿಮಗೆಲ್ಲ ಹೇಳ್ಕೊಟ್ಟೋಳು ನಾನು. ತಪ್ಪು ನಂದು.”

ಅವಳು ಕೈಯ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. “ಹಂಗಾದ್ರೆ ಈ ಸಲ ನೀರೇ ಮುಟ್ಸಾದ್ ಬ್ಯಾಡ ಅನ್ನು.”

“ಹೂಂ. ಒಂದು ತೊಟ್ಟೂ ಬ್ಯಾಡ.”

“ಮ್ಯಾನೇಜರ್ರು ಕುಣೀತಾನೆ.”

“ಕುಣೀಲಿ.”

ಈ ಮಾತು ನನ್ನ ಬಾಯಿಂದ ಬಂತೇ ಎಂದು ನನಗೇ ಅನ್ನಿಸಿತು. ಮದುವೆಯಾಗಿ ಬಂದಾಗಿನಿಂದ ಗಂಡಸರ ಎದುರು ನಾನು ನಿಂತು ಮಾತಾಡಿದ್ದು ಕಡಿಮೆ.

ಎರಡು ದಿನದಲ್ಲಿ ಮ್ಯಾನೇಜರ್ ಬಂದರು. ತೊಳೆಯುವ ತೊಟ್ಟಿ ಖಾಲಿ ಬಿದ್ದಿದ್ದನ್ನು ನೋಡಿದರು. ಪತ್ರ ತೆಗೆದು ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟರು.

“ತೊಳೀದೆ ಬೇಕಾದರೆ ಮಾಡ್ಕೊಳ್ಳಿ. ಆದರೆ ಇಲ್ಲಿ ಸೈನ್ ಹಾಕಿ, ಸುಮ್ನೆ.”

“ತೊಳೆದೆ ಅಂತ ಬರೆಯೋಕಾಗಲ್ಲ ಸಾರ್.”

“ಹಂಗಾದ್ರೆ ತೊಳೀರಿ.”

“ತೊಳೆಯೋದೂ ಇಲ್ಲ.”

“ಏನಮ್ಮ ನೀವು, ಏಳನೇ ಕ್ಲಾಸು ಓದ್ಕೊಂಡು ವಿಜ್ಞಾನಿಗಳು ಬರೆದಿದ್ದನ್ನ ತಿದ್ದೋಕೆ ಹೊರಟಿದೀರಲ್ಲ?”

ಪತ್ರವನ್ನು ಅವರ ಕೈಯಿಂದ ತೆಗೆದುಕೊಂಡೆ. “ಓದ್ಕೊಂಡಿರೋದು ಏಳನೇ ಕ್ಲಾಸೇ ಸಾರ್. ಅದಕ್ಕೇ ಸುಳ್ಳು ಬರೆಯೋದು ಕಲ್ತಿಲ್ಲ” ಎಂದೆ. ಹಿಂದಿನಿಂದ ಜರಡಿಯವಳು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ನಾಲ್ಕನೆಯ ಸಾಲಿನ ಮುಂದೆ ‘ತೊಳೆದಿಲ್ಲ’ ಎಂದು ಬರೆದು ಕೆಳಗೆ ಸಹಿ ಹಾಕಿದೆ.

ಅವರು ಹೋದ ಮೇಲೆ ಮೇಡಂಗೆ ನಾನೇ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡು ಅದನ್ನೇ ಓದಿದೆ. ಮೇಡಂ ಅಂಕಿಗಳನ್ನು ಇನ್ನೊಮ್ಮೆ ಓದಿಸಿ ಬರೆದುಕೊಂಡರು.

“ಅಮ್ಮ, ಕ್ರಮಪತ್ರ ಬದಲಾಯಿಸೋದು ನನ್ನೊಬ್ಬಳ ಕೈಲಿಲ್ಲ. ನಾಲ್ಕು ದೇಶದವರೂ ಒಪ್ಪಬೇಕು. ನೀವು ಇದನ್ನ ಅವರ ಮುಂದೆ ಹೇಳ್ತೀರಾ?”

“ನನಗೆ ಇಂಗ್ಲಿಷ್ ಬರಲ್ಲ.”

“ನನಗೆ ಬರುತ್ತೆ. ನೀವು ಕನ್ನಡದಲ್ಲೇ ಹೇಳಿ.”

ಸಭೆ ನಮ್ಮ ಶೆಡ್ಡಿನಲ್ಲೇ ಆಯಿತು. ಮೇಡಂ ಖುದ್ದಾಗಿ ಬಂದು ತಮ್ಮ ಕಂಪ್ಯೂಟರನ್ನು ಖಾಲಿ ಡ್ರಮ್ಮಿನ ಮೇಲೆ ಇಟ್ಟರು. ಮ್ಯಾನೇಜರ್ ಕಾರ್ಖಾನೆಯಿಂದಲೇ ಒಂದು ಚೌಕದಲ್ಲಿ ಬಂದು ಕೂತಿದ್ದರು. ಬಿಳಿ ಗಡ್ಡದ ಒಬ್ಬ ಹಿರಿಯ ವಿಜ್ಞಾನಿ ಕೇಳಿದರು, ಮೇಡಂ ಕನ್ನಡಕ್ಕೆ ತಿರುಗಿಸಿದರು: ತೊಳೆಯಬಾರದು ಎಂದು ಏಕೆ ಹೇಳುತ್ತೀರಿ?

ನಾನು ನೋಟುಪುಸ್ತಕ ತೆರೆದು ತೋರಿಸಿದೆ. ಮೂರು, ನಾಲ್ಕು, ಆರು. ಅಟ್ಟದ ಕಾಯಿಯ ಸಂಗತಿ ಹೇಳಿದೆ. ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅವರಿಗೂ ಕೇಳಿಸಿದೆ. ಕೆಂಡ ಆರಿಸಲು ನೀರು ಹಾಕಿಸಿದವಳು ನಾನೇ ಎಂದೂ ಹೇಳಿದೆ. ಅದನ್ನು ಮೇಡಂ ಇಂಗ್ಲಿಷಿಗೆ ತಿರುಗಿಸುವಾಗ ಸ್ವಲ್ಪ ತಡೆದರು. ‘ಹೇಳಿ, ಬಿಡಬೇಡಿ’ ಎಂದು ನಾನೇ ಅಂದೆ.

ಮ್ಯಾನೇಜರ್ ಸುಮ್ಮನಿರಲಿಲ್ಲ. ನನಗೆ ತಿಳಿಯಲಿ ಎಂದು ಕನ್ನಡದಲ್ಲೇ ಕೇಳಿದರು. “ನಮ್ಮ ಫ್ಯಾಕ್ಟರೀಲಿ ಹದ ಮಾಡೋದೂ ನೀರಿನ ಹಬೇಲೇ ತಾನೇ? ಅದಕ್ಕೇನು ಹೇಳ್ತೀರಿ? ಅದೂ ನಿಲ್ಲಿಸಬೇಕೇನು?”

“ಬ್ಯಾಡ ಸಾರ್. ಸಾರು ಕುದಿಯುವಾಗ ಮುಚ್ಚಳದ ಮೇಲೆ ಬೆವರು ಕೂರುತ್ತಲ್ಲ, ಅದನ್ನ ನೆಕ್ಕಿ ನೋಡಿ. ಸಪ್ಪೆ ಇರುತ್ತೆ. ಉಪ್ಪು ಪಾತ್ರೇಲೇ ಉಳ್ಕೊಳ್ಳುತ್ತೆ. ಹಂಡೇಲೂ ಅಷ್ಟೇ. ಹಬೆ ಬರೀ ನೀರು.”

ಮೇಡಂ ಅದನ್ನು ತಿರುಗಿಸಿ ಹೇಳಿದಾಗ ಬಿಳಿ ಗಡ್ಡದವರು ಕನ್ನಡಕ ತೆಗೆದು ಮುಂದಕ್ಕೆ ಬಗ್ಗಿದರು. ಏನೋ ಹೇಳಿದರು. “ಸರಿಯಾಗಿದೆ ಅಂತಿದಾರೆ. ರೇಡಿಯಂ ಹಬೇಲಿ ಏರಿ ಬರಲ್ಲ” ಎಂದರು ಮೇಡಂ.

ಆಗ ನಾನು ಕೇಳಬೇಕು ಎಂದುಕೊಂಡಿದ್ದನ್ನು ಕೇಳಿದೆ. “ಮೂರು ಸಲ ನಮ್ಮ ಕೈ ಪರೀಕ್ಷೆ ಆಯ್ತು. ಈಗ ನಮ್ಮ ನೀರನ್ನೂ ಆ ಸೀಸದ ಗೂಡಲ್ಲಿ ಇಟ್ಟು ನೋಡಿ. ಕೊಳಕು ಅಂದೋರು ಎಲ್ಲಿ ಕೊಳಕು ಅಂತ ತೋರಿಸ್ಬೇಕು.”

ನೀರಿನ ಮಾದರಿಯನ್ನೂ ಕಳಿಸಿ, ತೊಳೆಯದ ಇದ್ದಿಲನ್ನೂ ಕಳಿಸಿ ಎಂದು ತೀರ್ಮಾನವಾಯಿತು. ದಿನ ಮಾತ್ರ ಹೆಚ್ಚು ಕೊಡಲಿಲ್ಲ.

ಕೆಲಸಕ್ಕೆ ಇಳಿದ ಮೇಲೆ ತಿಳಿಯಿತು, ನೀರಿಲ್ಲದೆ ಇದ್ದಿಲು ಮಾಡುವುದು ಮಾತಿನಷ್ಟು ಸುಲಭವಲ್ಲ ಎಂದು. ಕಾಯನ್ನು ಅಟ್ಟದ ಕೆಳಗೇ ಸುಲಿದು, ಹಾಸಿದ ಬಟ್ಟೆಯ ಮೇಲೆ ಒಡೆದು, ನಾರನ್ನು ಚಾಕುವಿನಿಂದ ಹೆರೆದೆವು. ನೆಲಕ್ಕೆ ಬಿದ್ದ ಒಂದು ಚೂರನ್ನೂ ಮತ್ತೆ ತೆಗೆದುಕೊಳ್ಳಲಿಲ್ಲ. ಡ್ರಮ್ಮಿನ ಮುಚ್ಚಳದ ಸಂದಿಗೆ ಮೊದಲು ಕೆಮ್ಮಣ್ಣು ಮೆತ್ತುತ್ತಿದ್ದೆವು. ಮಣ್ಣು ಒಳಗೆ ಉದುರಿದರೆ ಮಾಡಿದ್ದೆಲ್ಲ ದಂಡ. ಅಡಿಗೆಯ ಪಾತ್ರೆಗೆ ಹಿಟ್ಟು ಮೆತ್ತಿ ಹಬೆ ಕಟ್ಟುವ ಹಾಗೆ ಅಕ್ಕಿಹಿಟ್ಟನ್ನು ಮಿದ್ದು ಹೊರಗಿನಿಂದ ಮೆತ್ತಿದೆವು. ಅದನ್ನು ಮಿದ್ದ ನೀರು ಹಬೆಯನ್ನು ತಣಿಸಿ ಹಿಡಿದದ್ದು, ಮೇಡಂ ಕಳಿಸಿದ್ದು.

“ಬೆಂಕಿಗೆ ಹಿಟ್ಟು ಸುಟ್ಟೋಗಲ್ವಾ ಅಕ್ಕ?” ಎಂದು ಒಬ್ಬಳು ಕೇಳಿದಳು.

“ಸುಟ್ರೇನು, ಅದೂ ಇದ್ದಿಲೇ ಆಯ್ತದೆ” ಅಂದಳು ಜರಡಿಯವಳು.

ಹೊಗೆ ನೀಲಿಯಾದ ಮೇಲೆ ಗಾಳಿಯ ಕಂಡಿಯೆಲ್ಲ ಮುಚ್ಚಿ ತಾನಾಗಿ ಆರಲು ಬಿಟ್ಟೆವು. ಎರಡು ದಿನ ಬಿಡಬೇಕಿತ್ತು. ಮಾರನೆಯ ದಿನ ಮಧ್ಯಾಹ್ನ ನಾನು ಡ್ರಮ್ಮಿನ ಪಕ್ಕೆಗೆ ಹಿಂಗೈ ತಾಗಿಸಿ ನೋಡಿದೆ. ತಣ್ಣಗಿತ್ತು. ಬುಡ ಮುಟ್ಟಿ ನೋಡಲಿಲ್ಲ. ಅವಸರ ನನ್ನದೇ, ಯಾರೂ ನನ್ನನ್ನು ನೂಕಲಿಲ್ಲ. ಮುಚ್ಚಳ ತೆಗೆದೆ. ಮೇಲಿನ ಇದ್ದಿಲು ಕರ್ರಗೆ ಹೊಳೆಯುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ನಡುವೆ ಒಂದು ಕೆಂಪು ಚುಕ್ಕೆ ಕಂಡಿತು, ಎರಡಾಯಿತು, ಗಾಳಿ ಕುಡಿದು ಡ್ರಮ್ಮೇ ಹೊತ್ತಿಕೊಂಡಿತು. ಮತ್ತೆ ಮುಚ್ಚಿ ಆರಿಸೋಣವೆಂದರೆ ಉರಿಯ ಝಳಕ್ಕೆ ಹತ್ತಿರ ಹೋಗುವ ಹಾಗಿರಲಿಲ್ಲ. ಒಬ್ಬಳು ಬಿಂದಿಗೆ ಎತ್ತಿಕೊಂಡು ಓಡಿ ಬಂದಳು.

“ಬ್ಯಾಡ” ಅಂದೆ.

“ಉರ್ದೋಗ್ತದೆ ಅಕ್ಕ.”

“ಉರೀಲಿ. ನೀರು ಬಿದ್ದ ಮೇಲೆ ಅದು ನಮಗೆ ಬೇಕಾದ ಇದ್ದಿಲಲ್ಲ.”

ಎಂಟು ಜನವೂ ಸುತ್ತ ನಿಂತು ನಾಲ್ಕು ದಿನದ ಕೆಲಸ ಬೂದಿಯಾಗುವುದನ್ನು ನೋಡಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುತ್ತಮುತ್ತಲ ಅಟ್ಟಗಳಲ್ಲಿ ಒಡೆಯುವ ಹದಕ್ಕೆ ಬಂದ ಕಾಯಿ ಮುಗಿದಿತ್ತು. ಜರಡಿಯವಳು ತುರುವೇಕೆರೆ ಹತ್ತಿರದ ತನ್ನ ತವರಿಗೆ ಫೋನ್ ಮಾಡಿದಳು. “ಲೋ ಅಣ್ಣ, ಅಟ್ಟದ ಕಾಯಿ ಯಾವಾಗ ಇಳಿಸ್ತೀಯಾ? ಮುಂದಿನ ತಿಂಗಳಾ? ಆಗಲ್ಲ, ನಾಳೀಕೆ ಇಳ್ಸು. ಯಾಕಾ? ನಕ್ಷತ್ರದೋರು ಕಾಯ್ತಾವ್ರೆ ಕಣಪ್ಪ, ಅದಕ್ಕೆ.” ಅಣ್ಣ ಏನಂದನೋ, ಇವಳು “ಕುಡ್ದಿಲ್ಲ ಕಣೋ” ಎಂದಳು.

ಮರುದಿನ ಎಂಟು ಜನವೂ ಬೆಳಗಿನ ಬಸ್ಸಿಗೆ ಹೋಗಿ, ಅವನ ಅಟ್ಟದ ಕೆಳಗೆ ಕೂತು ಸುಲಿದು ಹೆರೆದು ತಂದೆವು. ಈ ಸಲ ಡ್ರಮ್ಮನ್ನು ಮೂರು ದಿನ ಮುಟ್ಟಲಿಲ್ಲ. ಮೂರನೆಯ ದಿನ ಬುಡದ ಮೇಲೆ ಅಂಗೈ ಪೂರ್ತಿ ಇಟ್ಟು ನೂರು ಎಣಿಸಿದೆ. ಆಮೇಲೇ ತೆಗೆದದ್ದು. ಚೂರು ಮುರಿದರೆ ಗಾಜಿನ ಹಾಗೆ ಸದ್ದಾಗುತ್ತಿತ್ತು.

ಅದು ಹದವಾಗಿ ಬೆಂಗಳೂರು ಸೇರಿ, ಡಬ್ಬಿಯೊಳಗೆ ಮೂರು ವಾರ ಕೂತು, ಎಣಿಕೆಯಾಗುವ ಹೊತ್ತಿಗೆ ಮುಂಗಾರು ಬಂದಿತ್ತು. ಅಷ್ಟು ದಿನ ಶೆಡ್ಡಿನಲ್ಲಿ ಹೆಚ್ಚು ಕೆಲಸವಿರಲಿಲ್ಲ. ಮ್ಯಾನೇಜರ್ ನಮ್ಮ ಬೇರೆ ಮಾಲು ಎತ್ತುವುದನ್ನೂ ನಿಲ್ಲಿಸಿದ್ದರು. ಇಬ್ಬರು ಹೆಂಗಸರು ಗಾರ್ಮೆಂಟ್ಸಿಗೆ ಸೇರುವ ಮಾತಾಡಿಕೊಂಡಿದ್ದು ನನ್ನ ಕಿವಿಗೂ ಬಿದ್ದಿತ್ತು.

ಮೇಡಂ ಫೋನ್ ಮಾಡಲಿಲ್ಲ, ಬಂದರು. ಅದೇ ಮಂಕರಿಯ ಮೇಲೆ ಕೂತು ಹಾಳೆ ಬಿಡಿಸಿದರು. ನೀರಿನಲ್ಲಿ ರೇಡಿಯಂ ಇತ್ತು. ನಮ್ಮ ಈ ಗಟ್ಟಿ ಕಲ್ಲಿನ ಸೀಮೆಯಲ್ಲಿ ಆಳದ ನೀರಿಗೆ ಅದು ಹೊಸದಲ್ಲವಂತೆ. ಕುಡಿಯುವುದಕ್ಕೆ ತೊಂದರೆ ಇದೆಯೇ ಎಂದು ಮೊದಲು ಕೇಳಿದೆ. ಅದನ್ನೂ ಬೇರೆಯಾಗಿ ಪರೀಕ್ಷೆ ಮಾಡಿಸಿದ್ದೇನೆ, ಕುಡಿಯುವ ಮಿತಿಯೊಳಗೇ ಇದೆ ಎಂದರು. ಮನುಷ್ಯನಿಗೆ ಏನೂ ಅಲ್ಲದಷ್ಟು, ಇದ್ದಿಲಿಗೆ ಬಹಳ. ಏಕೆಂದರೆ ಇದ್ದಿಲು ಕುಡಿದದ್ದನ್ನು ಬಿಡುವುದಿಲ್ಲ. ನಿಮ್ಮ ತಾತನ ನಲ್ಲಿ ಇವತ್ತೂ ರಸ್ತೆಗೆ ತೆರೆದೇ ಇದೆ.

“ಇದ್ದಿಲು?” ಎಂದು ಕೇಳಿದವಳು ಜರಡಿಯವಳು.

“ನಮ್ಮ ಯಂತ್ರಕ್ಕೆ ಏನೂ ಕಾಣಿಸಲಿಲ್ಲ” ಎಂದರು ಮೇಡಂ. “ಇಲ್ಲ ಅಂತಲ್ಲ. ಇದ್ದರೂ ನಮ್ಮ ಯಂತ್ರ ಕಾಣೋದಕ್ಕಿಂತ ಕಡಿಮೆ. ಗಣಿಯಲ್ಲಿರೋ ಯಂತ್ರದಲ್ಲೂ ಇಟ್ಟು ನೋಡ್ತಾರೆ. ಆದರೆ ಆರ್ಡರ್ ನಿಮ್ಮದೇ.”

ಜರಡಿಯವಳು ಕೈಗವಸು ಕಳಚಿ ತನ್ನ ಎರಡೂ ಅಂಗೈ ಮೇಡಂ ಮುಂದೆ ಹಿಡಿದಳು. ಇದ್ದಿಲಿನ ಮಸಿ ಗೆರೆಗೆರೆಯಲ್ಲಿ ಕೂತಿತ್ತು. “ವಸಿ ನೋಡ್ಬುಡಿ ಮೇಡಂ, ಡರ್ಟಿ ಅಂದ್ರೆ ಇದೇನಾ?” ಮೇಡಂ ಆ ಕೈಗಳನ್ನು ಹಿಡಿದುಕೊಂಡರು.

ಕೊನೆಯ ಮಾತೊಂದು ಉಳಿದಿದೆ. ಪೂರ್ತಿ ಆರ್ಡರಿನ ಇದ್ದಿಲು ಹೊರಡುವ ದಿನ ಮ್ಯಾನೇಜರ್ ಅದೇ ಹಳೆಯ ಕ್ರಮಪತ್ರದ ಹೊಸ ಪ್ರತಿ ತಂದರು. ನಾಲ್ಕನೆಯ ಸಾಲು ಹಾಗೇ ಇತ್ತು: ಮೂರು ಸಲ ತೊಳೆಯುವುದು. ಪತ್ರ ಬದಲಾಗಲು ಇನ್ನೂ ತಿಂಗಳು ಹಿಡಿಯುತ್ತದೆ, ಬಂದರಿನಲ್ಲಿ ಕಾಗದ ಸರಿಯಿಲ್ಲದಿದ್ದರೆ ಮಾಲು ನಿಲ್ಲುತ್ತದೆ, ಈಗೊಂದು ಸಹಿ ಹಾಕಿಬಿಡಿ ಎಂದರು. ಈ ಸಲ ದನಿ ಮೆತ್ತಗಿತ್ತು. ನಾನು ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದೆ. ಪಕ್ಕದಲ್ಲಿ ‘ತೊಳೆದಿಲ್ಲ. ನೀರು ಮುಟ್ಟಿಸಿಲ್ಲ’ ಎಂದು ಬರೆದೆ. ಸಹಿ ಹಾಕಿದೆ. ನನ್ನ ಕೆಳಗೆ ಉಳಿದ ಏಳು ಜನರೂ ಹಾಕಿದರು. ಅಕ್ಷರ ಬಾರದ ಇಬ್ಬರು ಹೆಬ್ಬೆಟ್ಟು ಒತ್ತಿದರು. ಅದು ಹಾಗೇ ಹೋಯಿತು. ಬಂದರಿನಲ್ಲಿ ಯಾರೂ ನಿಲ್ಲಿಸಲಿಲ್ಲ.

ನಮ್ಮ ಇದ್ದಿಲು ಈಗ ಗಣಿಯ ತಳದಲ್ಲಿ ತಣ್ಣಗೆ ಕೂತು ಗಾಳಿ ಸೋಸುತ್ತಿದೆ. ಅವರಿಗೆ ಬೇಕಾದ ಅಂಕಿ ಸಿಗಲು ಇನ್ನೂ ವರ್ಷಗಳು ಬೇಕಂತೆ. ಚಿಪ್ಪಿನ ಇದ್ದಿಲೂ ಒಂದು ಕಾಲಕ್ಕೆ ಯಾವುದೋ ನಕ್ಷತ್ರದ ಒಳಗೇ ಬೆಂದದ್ದು ಎಂದು ಮೇಡಂ ಹೇಳಿದ್ದರು. ಅದನ್ನು ನಾನು ಪೂರ್ತಿ ತಿಳಿದುಕೊಂಡೆ ಎಂದು ಹೇಳಲಾರೆ. ನನಗೆ ತಿಳಿದಿರುವುದು ಚಿಪ್ಪು.

ಈ ಇದ್ದಿಲಿನ ಬಗ್ಗೆ ಗಣಿಯ ವಿಜ್ಞಾನಿಗಳು ಅಚ್ಚು ಹಾಕಿಸಿದ ಲೇಖನವನ್ನು ಮೇಡಂ ತೋರಿಸಿದರು. ಅದರಲ್ಲಿ ಕಾರ್ಖಾನೆಯ ಹೆಸರಿದೆ, ‘ದಕ್ಷಿಣ ಭಾರತದ ತೆಂಗಿನ ಚಿಪ್ಪು’ ಎಂದಿದೆ. ಅಟ್ಟದ ಮಾತಿಲ್ಲ, ನೀರಿನ ಮಾತು ಒಂದು ಸಾಲು. ಮೇಡಂ ಬೇಸರಪಟ್ಟರು, ನಾನು ಪಡಲಿಲ್ಲ. ಅಲ್ಲಿ ಇಲ್ಲದ್ದನ್ನು ಇಲ್ಲಿ ಬರೆದಿದ್ದೇನೆ.

ಇದ್ದಿಲಿಗೂ ವಯಸ್ಸಾಗುತ್ತದೆ. ಒಂದು ದಿನ ಅದನ್ನು ಬದಲಾಯಿಸಬೇಕಾಗುತ್ತದೆ. ಆಗ ನಾನಿರುವುದಿಲ್ಲ, ಮೇಡಂ ನಿವೃತ್ತರಾಗಿರುತ್ತಾರೆ. ಯಾರೋ ಹಳೆಯ ಪತ್ರ ಹುಡುಕಿ ತೆಗೆದು ಮೂರು ಸಲ ತೊಳೆಯಿರಿ ಎನ್ನುತ್ತಾರೆ, ಯಾರೋ ಹೆಂಗಸರು ತೊಳೆಯುತ್ತಾರೆ, ಅಂಕಿ ಏರುತ್ತದೆ, ಮತ್ತೆ ಅವರ ಕೈ ನೋಡುತ್ತಾರೆ. ಆ ದಿನ ನೀವು ಹೋಗಿ ಈ ಹಾಳೆಗಳನ್ನು ಅವರ ಮುಂದೆ ಇಡಬೇಕು. ಅಕ್ಕಿಹಿಟ್ಟಿನ ಅಳತೆ, ಮೂರು ದಿನದ ಲೆಕ್ಕ, ಬುಡ ಮುಟ್ಟಿ ನೂರು ಎಣಿಸುವುದು, ಎಲ್ಲ ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಅಲ್ಲಿಯವರೆಗೆ ಇವನ್ನು ಜೋಪಾನವಾಗಿಡಿ. ಕಬ್ಬಿಣದ ಪೆಟ್ಟಿಗೆ ಬೇಡ, ಬೀರು ಬೇಡ. ಅಟ್ಟದ ಮೇಲೆ, ಕಾಯಿಯ ಪಕ್ಕದಲ್ಲಿ, ನೀರು ತಾಗದ ಕಡೆ ಇಡಿ.

ನಿಮ್ಮ ಅಜ್ಜಿ